ಮಿಡಿ

ಕನ್ನಡಿಗನ ಮುಂದೆ 'ಮಿಡಿ' ಎಂದರೆ ಮೊದಲು ಅವನ ಬಾಯಲ್ಲಿ ನೀರೂರುತ್ತದೆ. ಮಲೆನಾಡಿನ ಕಡೆಯವನಾದರಂತೂ ಅಪ್ಪೆಮಿಡಿ, ಉಪ್ಪು, ಸಾಸಿವೆ, ಜಾಡಿ, ಜಾಡಿಯ ಬಾಯಿಗೆ ಕಟ್ಟಿದ ಬಿಳಿಯ ಬಟ್ಟೆ, ಎಲ್ಲವೂ ಒಂದರ ಹಿಂದೊಂದು ಬಂದು ಕಣ್ಣ ಮುಂದೆ ನಿಲ್ಲುತ್ತವೆ. ಊಟ ಮುಗಿಸಿ ಕೈತೊಳೆದುಕೊಂಡವರಿಗೆ ಮಿಡಿಯುವುದೆಂದರೆ ತಂತಿಯನ್ನು ಬೆರಳಿನಿಂದ ಮೀಟುವುದು. ಇನ್ನೂ ಮೃದು ಸ್ವಭಾವದವರಿಗೆ ಎದೆ ಮಿಡಿಯುವುದು. ಒಂದೇ ಮಾತಿನಿಂದ ನಾಲಗೆ, ಬೆರಳು, ಎದೆ ಮೂರಕ್ಕೂ ಕೆಲಸ ಕೊಟ್ಟ ಭಾಷೆ ನಮ್ಮದು. ಈಗ ಈ ಮಾತಿಗೆ ನಾಲ್ಕನೆಯ ಅರ್ಥವೊಂದು ಕೂಡಿಕೊಂಡಿದೆ. ಅದು ಅಚ್ಚಗನ್ನಡದ್ದಲ್ಲ, ಅಮೆರಿಕ ಮತ್ತು ಜಪಾನಿನ ವಾದ್ಯ ತಯಾರಕರು ಕೂಡಿ ಇಟ್ಟ ಹೆಸರು. ಆದರೂ ನಮ್ಮ ಹಳೆಯ ಅರ್ಥಗಳಲ್ಲಿ ಕೊನೆಯ ಎರಡಕ್ಕೆ ಅದು ಅಷ್ಟೇನೂ ದೂರದ ನೆಂಟನಲ್ಲವೆಂದು ಈಚೆಗೆ ನಮಗೆ ತೋರಿದೆ.

ಹೌಜ್ ಖಾಸ್‌ನ ನಮ್ಮ ಬಾಡಿಗೆಯ ಎರಡು ಕೋಣೆಗಳಲ್ಲಿ ಒಂದರ ಮೇಜಿನ ಮೇಲೆ ಈ ನಾಲ್ಕನೆಯ ಮಿಡಿ ಕೆಲವು ತಿಂಗಳುಗಳಿಂದ ಕುಳಿತಿದೆ. ನೋಡುವುದಕ್ಕೆ ಗೇಣುದ್ದಕ್ಕಿಂತ ತುಸು ಮಿಗಿಲಾದ ಕರಿಯ ಪೆಟ್ಟಿಗೆ. ಮೇಲೆ ಸಾಲಾಗಿ ಎಂಟು ಬಿರಡೆಗಳು; ಒಂದೊಂದರ ಸುತ್ತಲೂ ಪುಟ್ಟ ದೀಪಗಳ ಬಳೆ; ಕೆಳಗೆ ಹದಿನಾರು ಗುಂಡಿಗಳು. ಅಂಗಡಿಯವರು ನಾಬ್ ಎನ್ನುವುದನ್ನೇ ನಾವು ಬಿರಡೆ ಎಂದೆವು. ವೀಣೆ ತಂಬೂರಿಗಳ ಕಿವಿಗೆ ಇರುವ ಒಳ್ಳೆಯ ಹೆಸರು ಇಲ್ಲಿಯೂ ಸಲ್ಲಬಾರದೇಕೆ? ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನ ಮೂಲಕ ಸಂಗೀತ ಕೂಡಿಸುವ ಹುಡುಗನೊಬ್ಬನಿದ್ದಾನೆ. ಅವನು ಹೊಸದನ್ನು ಕೊಂಡಾಗ ಈ ಹಳೆಯದನ್ನು ನಮಗೆ ಅಗ್ಗವಾಗಿ ಕೊಟ್ಟ. ಬೆಹ್ರಿಂಗರ್ ಎಂಬ ಕಂಪನಿಯವರ ಎಕ್ಸ್-ಟಚ್ ಮಿನಿ ಎಂದು ಇದರ ಪೂರ್ಣ ಹೆಸರು. ಮನೆಗೆ ತಂದ ದಿನ ನಮ್ಮ ಮನೆಯಾಕೆ ಎಂಟು ಬಿರಡೆಗಳನ್ನೂ ಎಣಿಸಿ, "ಎಂಟು ಒಲೆಯ ಗ್ಯಾಸ್ ತಂದಿರಿ, ಸಂತೋಷ. ಸಿಲಿಂಡರ್ ಎಲ್ಲಿ?" ಎಂದು ಕೇಳಿದಳು.

ವಾದ್ಯವೆಂದು ಹೇಳೋಣವೆಂದರೆ ಇದು ತಾನಾಗಿ ಒಂದು ಸ್ವರವನ್ನೂ ಹೊರಡಿಸದು. ಮಿಡಿ ಎಂಬುದು ಸಂಗೀತಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಒಂದು ಸಂಕೇತಭಾಷೆ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲೆಂಡ್ ಕಂಪನಿಯ ಇಕುತಾರೊ ಕಾಕೆಹಾಶಿ, ಇವರಿಬ್ಬರು ಅದರ ಹುಟ್ಟಿಗೆ ಮುಖ್ಯ ಕಾರಣರು. 1983ರ ಜನವರಿಯಲ್ಲಿ ಇಬ್ಬರ ಕಂಪನಿಗಳ ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಿ ವ್ಯಾಪಾರಮೇಳದಲ್ಲಿ ತೋರಿಸಿದರು. ಒಂದರ ಮನೆ ಒತ್ತಿದರೆ ಇನ್ನೊಂದು ನುಡಿಯಿತು. ಈ ಭಾಷೆಯನ್ನು ಯಾರು ಬಳಸಿದರೂ ಕಾಣಿಕೆ ಕೊಡಬೇಕಾಗಿಲ್ಲವೆಂದು ಬಿಟ್ಟುಕೊಟ್ಟದ್ದು ದೊಡ್ಡ ಗುಣ. ಆ ಕೆಲಸಕ್ಕಾಗಿ 2013ರಲ್ಲಿ ಇಬ್ಬರಿಗೂ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಗೌರವ ಸಂದಿತು.

ಅದರ ತಂತಿಯಲ್ಲಿ ಹರಿಯುವುದು ನಾದವಲ್ಲ, ಅಂಕಿಗಳು. ಬಿರಡೆಯನ್ನು ತಿರುಗಿಸಿದೊಡನೆ ಒಂದು ಚೀಟಿ ಹೊರಡುತ್ತದೆ: ಬಂದದ್ದು ಯಾವ ಚಾನೆಲ್ಲಿನಿಂದ, ತಿರುಗಿದ್ದು ಎಷ್ಟನೆಯ ಬಿರಡೆ, ನಿಂತದ್ದು ಯಾವ ಅಂಕದಲ್ಲಿ. ಇಷ್ಟೇ ಒಕ್ಕಣೆ. ನಮ್ಮಂಥ ಗುಮಾಸ್ತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ರವಾನೆಯ ರಿಜಿಸ್ಟರು ಬರೆಯುವವನಿಗೆ ಲಕೋಟೆಯೊಳಗೆ ಬಡ್ತಿಯಿದೆಯೋ ವರ್ಗಾವಣೆಯಿದೆಯೋ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಸಂಖ್ಯೆ ಸರಿಯಾಗಿದ್ದರೆ ಸಾಕು. ಚೀಟಿಯನ್ನು ತೆಗೆದುಕೊಂಡವನು ಅದನ್ನು ಪಿಟೀಲಿನ ದನಿ ಏರಿಸಲು ಬಳಸಬಹುದು, ಛಾಯಾಚಿತ್ರದ ಬೆಳಕನ್ನು ಏರಿಸಲೂ ಬಳಸಬಹುದು. ಈ ಎರಡನೆಯ ಉಪಯೋಗವನ್ನು ಕಂಡುಕೊಂಡವರು ಲೋಕದಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರೆ. ಅಡೋಬಿಯವರ ಲೈಟ್‌ರೂಮ್ ಬಳಸುವವರಿಗೆ ಮಿಡಿ2ಎಲ್‌ಆರ್ ಎಂಬ ಉಚಿತ ಮಧ್ಯಸ್ಥನಿದ್ದಾನೆ. ಗುಮಾಸ್ತನ ಜೇಬಿಗೆ ಒಪ್ಪುವುದು ಮಾತ್ರ ಡಾರ್ಕ್‌ಟೇಬಲ್ ಎಂಬ ಬಿಟ್ಟಿ ತಂತ್ರಾಂಶ. 2021ರ ಡಿಸೆಂಬರಿನಲ್ಲಿ ಬಂದ ಅದರ 3.8ನೆಯ ಆವೃತ್ತಿಯಿಂದ ಈಚೆಗೆ ಮಿಡಿ ಪೆಟ್ಟಿಗೆಗೆ ಅದು ನೇರವಾಗಿಯೇ ಓಗೊಡುತ್ತದೆ.

ಗುಮಾಸ್ತನಿಗೆ ಇದೆಲ್ಲ ಏಕೆ ಬೇಕಾಯಿತೆಂದು ವಾಚಕರು ಕೇಳಬಹುದು. ಸಂಘದ ಹಿರಿಯರ ಮನೆಗಳಲ್ಲಿರುವ ಹಳೆಯ ಆಲ್ಬಮ್ಮುಗಳನ್ನು ಸ್ಕ್ಯಾನ್ ಮಾಡಿ ಕೂಡಿಡುವ ಕೆಲಸವನ್ನು ನಾವು ಕೆಲವರು ಹಂಚಿಕೊಂಡಿದ್ದೇವೆ. ಸರ್ಕಾರಿ ನೌಕರಿಗೆಂದು ಟ್ರಂಕು ಹಾಸಿಗೆ ಹೊತ್ತು ದೆಹಲಿಗೆ ಬಂದಿಳಿದ ಆ ತಲೆಮಾರು ಒಬ್ಬೊಬ್ಬರಾಗಿ ತೆರಳುತ್ತಿದೆ. ಮನೆ ಖಾಲಿ ಮಾಡುವಾಗ ಕಬಾಡಿಯವನ ಗಾಡಿಗೆ ಮೊದಲು ಏರುವುದು ದಪ್ಪ ರಟ್ಟಿನ ಆಲ್ಬಮ್ಮು. ಹೀಗಾಗಿ ನಮ್ಮ ಭಾನುವಾರಗಳು ಅಪರಿಚಿತರ ಮದುವೆ, ಮುಂಜಿ, ಕುತುಬ್ ಮಿನಾರಿನ ಮುಂದೆ ಸಾಲಾಗಿ ನಿಂತ ನೆಂಟರಿಷ್ಟರ ಸಹವಾಸದಲ್ಲಿ ಕಳೆಯುತ್ತಿವೆ.

ಮಾಸಿದ ಚಿತ್ರವನ್ನು ಮೌಸಿನಿಂದ ಸರಿಪಡಿಸುವುದು ಹೇಗೆಂದರೆ, ಪರದೆಯ ಬಲಗಡೆ ಸ್ಲೈಡರುಗಳ ದೊಡ್ಡ ಸಾಲಿರುತ್ತದೆ. ಬೆಳಕಿಗೊಂದು, ನೆರಳಿಗೊಂದು, ಬಣ್ಣದ ಬಿಸುಪಿಗೊಂದು. ಬೇಕಾದುದನ್ನು ಹುಡುಕಬೇಕು, ಬಾಣದ ಗುರುತನ್ನು ಅದರ ಮೇಲೆ ನಿಲ್ಲಿಸಬೇಕು, ಹಿಡಿದು ಎಳೆಯಬೇಕು. ಇಷ್ಟಾಗುವಾಗ ನಮ್ಮ ಕಣ್ಣು ಎಲ್ಲಿರುತ್ತದೆ? ಸ್ಲೈಡರಿನ ಮೇಲೆ. ಎಡಗಡೆಯ ಮುದುಕರ ಮುಖವನ್ನು ಸರಿಮಾಡುವವರು ಮುದುಕರ ಮುಖವನ್ನೇ ನೋಡುತ್ತಿಲ್ಲ! ಎಳೆದು ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಮೊದಲು ಹೇಗಿತ್ತೆಂಬುದೇ ಮರೆತಿರುತ್ತದೆ. ವಾರವಿಡೀ ಕಚೇರಿಯಲ್ಲಿ ಮೌಸು ಹಿಡಿದು ನೊಂದ ಮಣಿಕಟ್ಟಿನ ಮಾತು ಬೇರೆ.

ಬಿರಡೆಯ ಸುಖ ಇಲ್ಲಿದೆ. ಡಾರ್ಕ್‌ಟೇಬಲ್‌ನಲ್ಲಿ ಜೋಡಣೆಯ ಗುರುತನ್ನು ಒತ್ತಿ, ಬೇಕಾದ ಸ್ಲೈಡರಿನ ಮೇಲೆ ಮೌಸನ್ನು ನಿಲ್ಲಿಸಿ, ಒಂದು ಬಿರಡೆಯನ್ನು ತಿರುಗಿಸಿದರೆ ಇಬ್ಬರಿಗೂ ನಂಟು ಬೆಳೆಯಿತು. ಒಮ್ಮೆ ಮಾಡಿಟ್ಟರೆ ಮತ್ತೆ ಹುಡುಕುವ ಕೆಲಸವಿಲ್ಲ. ಮೊದಲನೆಯದು ಬೆಳಕು, ಎರಡನೆಯದು ನೆರಳು ಎಂದು ಒಂದೆರಡು ವಾರಗಳಲ್ಲಿ ಬೆರಳಿಗೇ ತಿಳಿಯುತ್ತದೆ. ಕತ್ತಲೆಯಲ್ಲಿ ಮನೆಯ ದೀಪದ ಗುಂಡಿ ಎಲ್ಲಿದೆಯೆಂದು ಕೈಗೆ ತಿಳಿದಿರುವ ಹಾಗೆ. ಎಡಗೈಯಿಂದ ಬೆಳಕನ್ನು ಏರಿಸುತ್ತ ಬಲಗೈಯಿಂದ ನೆರಳನ್ನು ಇಳಿಸಬಹುದು. ಕಣ್ಣು ಪೂರ್ತಿಯಾಗಿ ಮುಖದ ಮೇಲೆಯೇ ನಿಂತಿರುತ್ತದೆ. ಪೆಟ್ಟಿಗೆಯಿಂದ ನಮಗಾದ ದೊಡ್ಡ ಲಾಭ ಇದು. ಉಳಿತಾಯವಾದ ಸಮಯವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆ ನೋಡಿದರೆ ಇದು ಹೊಸ ಸುಖವೂ ಅಲ್ಲ. ಕತ್ತಲೆಕೋಣೆಯ ಕಾಲದಲ್ಲಿ ಛಾಯಾಚಿತ್ರಗಾರನು ದೀಪಕ್ಕೂ ಕಾಗದಕ್ಕೂ ನಡುವೆ ತನ್ನ ಅಂಗೈಯನ್ನೇ ಒಡ್ಡಿ, ಒಂದು ಕಡೆ ಬೆಳಕನ್ನು ತಡೆದು ಇನ್ನೊಂದು ಕಡೆ ಹರಿಯಬಿಟ್ಟು ಚಿತ್ರವನ್ನು ಇಳಿಸುತ್ತಿದ್ದ. ಕರ್ನಾಟಕದ ಹಣಕಾಸು ಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳು ಆ ಕೈಗಳ ಕಾಲಕ್ಕೆ ಸೇರಿದವು. ಅಮೆರಿಕದ ಹೆಸರಾಂತ ಛಾಯಾಚಿತ್ರಕಾರ ಆನ್ಸೆಲ್ ಆಡಮ್ಸ್ ಮೊದಲು ಪಿಯಾನೋ ಕಲಿತವನು. ನೆಗೆಟಿವ್ ಎಂಬುದು ಬರೆದಿಟ್ಟ ಸ್ವರಲಿಪಿಯಂತೆ, ಅಚ್ಚು ಇಳಿಸುವುದು ಕಚೇರಿ ನುಡಿಸಿದಂತೆ ಎಂಬುದು ಅವನ ಅಭಿಪ್ರಾಯ. ಅಂದಮೇಲೆ ವಾದ್ಯದ ಬಿರಡೆ ಫೋಟೋವಿನ ಮೇಜಿಗೆ ಬಂದದ್ದು ಅಳಿಯ ಮಾವನ ಮನೆಗೆ ಬಂದಂತೆಯೇ ಸರಿ.

ಅಳಿಯನಲ್ಲಿ ಕುಂದಿಲ್ಲವೆಂದಲ್ಲ. ಮಿಡಿಯ ಬಿರಡೆಗೆ ಸಾಮಾನ್ಯವಾಗಿ ಇರುವ ಮೆಟ್ಟಿಲು 128; ಸೊನ್ನೆಯಿಂದ 127ರವರೆಗೆ. ಲೈಟ್‌ರೂಮಿನ ಬೆಳಕಿನ ಸ್ಲೈಡರು ಕೆಳಗೆ ಐದು, ಮೇಲೆ ಐದು, ಒಟ್ಟು ಹತ್ತು ಸ್ಟಾಪುಗಳಷ್ಟು ಓಡುತ್ತದೆ; ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ. ಈ ಹತ್ತನ್ನು 128 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಮೆಟ್ಟಿಲಿಗೆ ನೂರಕ್ಕೆ ಐದಾರು ಪಾಲು ಬೆಳಕು ನೆಗೆಯುತ್ತದೆ. ಬೆಟ್ಟದ ಚಿತ್ರಕ್ಕೆ ಇದು ಸಾಕು; ಕೆನ್ನೆಯ ಚಿತ್ರಕ್ಕೆ ಕೆಲವು ವೇಳೆ ಸಾಲದು. ಹಾರ್ಮೋನಿಯಮ್ಮಿನ ಮೇಲೆ ನಮ್ಮ ಹಿರಿಯರು ಹೊರಿಸಿದ ಆಪಾದನೆಯೂ ಇದೇ ಅಲ್ಲವೇ? ಮನೆಗಳ ನಡುವೆ ಗಮಕಕ್ಕೆ ಎಡೆಯಿಲ್ಲವೆಂದು 1940ರಲ್ಲಿ ರೇಡಿಯೋದವರು ಅದನ್ನು ಹೊರಗಿಟ್ಟರು. ಬಹಿಷ್ಕಾರ ಸಡಿಲವಾದದ್ದು 1971ರಲ್ಲಿ. ಮಿಡಿಗೆ 2020ರಲ್ಲಿ ಎರಡನೆಯ ಆವೃತ್ತಿ ಬಂದು ಮೆಟ್ಟಿಲುಗಳು ಲೆಕ್ಕವಿಲ್ಲದಷ್ಟಾಗಿವೆ. ಆದರೆ ನಮ್ಮ ಮೇಜಿನದು ಹಳೆಯ ಸಂಪ್ರದಾಯದ್ದು. ಸ್ಲೈಡರಿನ ಓಟವನ್ನೇ ಕುಗ್ಗಿಸಿ, ಹತ್ತು ಸ್ಟಾಪಿನ ಬದಲು ನಾಲ್ಕಕ್ಕೆ ಆ 128 ಮೆಟ್ಟಿಲನ್ನು ಹಂಚಿದರೆ ನಡಿಗೆ ನಯವಾಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯವಾದದ್ದು. ಮೇಲೂ ಕೆಳಗೂ ತಡೆಯಿರುವ ಸಾದಾ ಬಿರಡೆಗಳು ಹಿಂದಿನ ಚಿತ್ರವನ್ನು ಮರೆಯುವುದಿಲ್ಲ. ಒಂದು ಮುಖವನ್ನು ಬೆಳಗಿಸಲು ಮುಕ್ಕಾಲು ಸುತ್ತು ತಿರುಗಿಸಿ ಮುಂದಿನ ಚಿತ್ರಕ್ಕೆ ಹೋದರೆ, ಬಿರಡೆ ಅಲ್ಲಿಯೇ ನಿಂತಿರುತ್ತದೆ. ಮುಟ್ಟಿದೊಡನೆ ಒಬ್ಬರ ಬೆಳಕು ಹಾರಿ ಇನ್ನೊಬ್ಬರ ಮುಖಕ್ಕೆ ಅಂಟುತ್ತದೆ. ನಮ್ಮ ಪೆಟ್ಟಿಗೆಯಲ್ಲಿರುವುದು ಎಷ್ಟು ಸುತ್ತಿದರೂ ತಡೆಯಿಲ್ಲದ ಬಿರಡೆಗಳು. ಚಿತ್ರ ಬದಲಾದಾಗ ಕಂಪ್ಯೂಟರು ಹೊಸ ಅಂಕವನ್ನು ಹೇಳಿಕಳುಹಿಸುತ್ತದೆ, ಸುತ್ತಲಿನ ದೀಪದ ಬಳೆ ಆ ಅಂಕಕ್ಕೆ ಸರಿಯಾಗಿ ತಾನೇ ಹೊಂದಿಕೊಳ್ಳುತ್ತದೆ. ಹಿಂದಿನ ಕಡತದ ಟಿಪ್ಪಣಿಯನ್ನು ಮುಂದಿನ ಕಡತಕ್ಕೆ ಹಚ್ಚದಿರುವ ಈ ಗುಣವನ್ನು ಮನುಷ್ಯರಲ್ಲಿ ನಾವು ಎಷ್ಟೋ ವರ್ಷ ಹುಡುಕಿದ್ದೇವೆ.

ಆದರೆ ಯಂತ್ರದ ಕುಂದಿಗಿಂತ ಅದರ ಸುಲಭತೆಯೇ ಹೆಚ್ಚು ಭಯಂಕರವಾದದ್ದು. ಬಣ್ಣಗಳನ್ನು ಬೇರೆಬೇರೆಯಾಗಿ ಹಿಡಿಯುವ ಸ್ಲೈಡರುಗಳು ಕೆಂಪು, ಕಿತ್ತಳೆ, ಹಳದಿ, ಹಸಿರು ಎಂದು ಎಂಟು. ನಮ್ಮಲ್ಲಿರುವ ಬಿರಡೆಗಳೂ ಎಂಟು. ಮನುಷ್ಯನ ಮೈಬಣ್ಣವೆಂಬುದು ಬಹುಮಟ್ಟಿಗೆ ಕಿತ್ತಳೆಯ ಪಾಲಿಗೆ ಬರುತ್ತದೆ. ಆ ಒಂದು ಬಿರಡೆಯನ್ನು ಬಲಕ್ಕೆ ತಿರುಗಿಸಿದರೆ ಆಕಾಶ, ಸೀರೆ, ಗೋಡೆ ಎಲ್ಲವೂ ಇದ್ದಂತೆಯೇ ಇದ್ದು ಮನುಷ್ಯರು ಮಾತ್ರ ಬೆಳ್ಳಗಾಗುತ್ತಾರೆ. ಹಿಂದೆ ಸ್ಟುಡಿಯೋದವನು ಒಂದು ಸಂಜೆ ಕುಂಚ ಹಿಡಿದು ಮಾಡುತ್ತಿದ್ದ ಪವಾಡ ಈಗ ಕಾಲು ಸುತ್ತಿನ ಕೆಲಸ. ಫೋಟೋ ತಂದುಕೊಡುವವರಲ್ಲಿ "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎನ್ನದವರು ಕಡಮೆ. ವರಾನ್ವೇಷಣೆಯ ಚಿತ್ರವಾದರೆ ಕೇಳುವುದೇ ಬೇಡ. ತೀರಿಕೊಂಡವರಿಗೂ ಈ ಬೇಡಿಕೆ ತಪ್ಪಿದ್ದಲ್ಲ.

ಕಳೆದ ಚಳಿಗಾಲದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರ ಚಿತ್ರ ನಮ್ಮ ಕೈಗೆ ಬಂತು. 1978ರಲ್ಲಿ ತೆಗೆದ ಬಣ್ಣದ ಚಿತ್ರ. ನಮ್ಮ ಹೌಜ್ ಖಾಸ್‌ನಲ್ಲೇ, ಫಿರೋಜ್ ಶಾಹನ ಗೋರಿಯ ಮುಂದಿನ ಕಲ್ಲಿನ ಕಟಾಂಜನಕ್ಕೆ ಒರಗಿ ನಿಂತಿದ್ದಾರೆ. ಸ್ವೆಟರು, ಮಫ್ಲರು, ಕಂಕುಳಲ್ಲಿ ಮಡಿಸಿದ ಪತ್ರಿಕೆ. ಆದರೆ ಚಿತ್ರವೆಲ್ಲ ಇಟ್ಟಿಗೆಯ ಕೆಂಪು. ಆ ಕಾಲದ ಬಣ್ಣದ ಕಾಗದಗಳಲ್ಲಿ ಮೂರು ವರ್ಣದ್ರವ್ಯಗಳಿರುತ್ತಿದ್ದವು. ಆಲ್ಬಮ್ಮಿನ ಕತ್ತಲೆಯಲ್ಲಿ ಕುಳಿತರೂ ಹಲವು ಕಾಗದಗಳಲ್ಲಿ ಹಸಿರುನೀಲಿಯದು ಮೊದಲು ಸೋತುಹೋಗುತ್ತದೆ, ಉಳಿದೆರಡು ಸೇರಿ ಕೆಂಪನ್ನು ಹೊದಿಸುತ್ತವೆ. ಮೊಮ್ಮಗನ ಮದುವೆಯ ಮಂಟಪದಲ್ಲಿ ಈ ಚಿತ್ರವನ್ನು ದೊಡ್ಡದಾಗಿಸಿ ಇಡಬೇಕೆಂದು ಗುರುಗ್ರಾಮದಲ್ಲಿರುವ ಮಗ ಕಳುಹಿಸಿದ್ದರು. "ಅಪ್ಪ ಸ್ವಲ್ಪ ಬೆಳ್ಳಗ ಕಾಣೂ ಹಂಗ ಮಾಡ್ರಿ. ಬೀಗರ ಕಡಿಯವ್ರೆಲ್ಲಾ ನೋಡ್ತಾರ" ಎಂದು ಫೋನಿನಲ್ಲಿ ಹೇಳಿದ್ದರು.

ಕಲ್ಲಿನ ಬಣ್ಣ ನಮಗೆ ಕಷ್ಟವಾಗಲಿಲ್ಲ. ಗೋರಿ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಚಿತ್ರದಲ್ಲಿ ನೆರಳು ಬಿದ್ದಿರುವ ಹೊತ್ತಿಗೇ ಎರಡು ಸಂಜೆ ಹೋಗಿ, ಅದೇ ಕಟಾಂಜನದ ಮುಂದೆ ನಿಂತು ನೋಡಿಬಂದೆವು. ಈ ಊರಿಗೆ ಹೆಸರು ಕೊಟ್ಟ ಕೆರೆಯನ್ನು ಸುಮಾರು 1300ರ ವೇಳೆಗೆ ಅಗೆಸಿದವನು ಅಲ್ಲಾವುದ್ದೀನ್ ಖಿಲ್ಜಿ. ಐವತ್ತು ವರ್ಷಗಳಲ್ಲಿ ಅದು ಹೂಳು ತುಂಬಿ ಹೋಗಿತ್ತು; ಫಿರೋಜ್ ಶಾಹ ತುಘಲಕ್ ಹೂಳೆತ್ತಿಸಿ, ದಡದಲ್ಲಿ ಮದರಸ ಕಟ್ಟಿಸಿ, ಅದರ ಮೂಲೆಯಲ್ಲೇ ತನ್ನ ಗೋರಿಗೂ ಜಾಗ ಮಾಡಿಕೊಂಡ. ಹಳೆಯದನ್ನು ಸರಿಪಡಿಸುವವರಿಗೆಲ್ಲ ಈ ಸುಲ್ತಾನ ಒಂದು ಮೇಲ್ಪಂಕ್ತಿ: ಅವನು ಹೂಳನ್ನು ತೆಗೆಸಿದ, ಬೇರೆ ಕೆರೆ ಮಾಡಲಿಲ್ಲ. ಮನೆಗೆ ಬಂದು ಎರಡು ಬಿರಡೆಗಳನ್ನು ತಿರುಗಿಸಿ ಕಲ್ಲನ್ನು ಕಲ್ಲಿನ ಬಣ್ಣಕ್ಕೆ ತಂದೆವು. ಕಲ್ಲಿಗೆ ಸಾಕ್ಷಿ ಕಲ್ಲೇ ಇತ್ತು. ಮುಖಕ್ಕೆ ಸಾಕ್ಷಿ ಯಾರು?

ಮಗನಿಗೆ ಹೇಳಿ ಒಂದು ಭಾನುವಾರ ಅವರ ತಾಯಿಯನ್ನೂ ಕರೆಸಿಕೊಂಡೆವು. ಅಜ್ಜಿಗೆ ಎಂಬತ್ತೈದರ ಸಮೀಪ. ಕೈ ನಡುಗುತ್ತದೆ, ಮೌಸು ಅವರ ಅಂಗೈಯ ಕೆಳಗೆ ಕಪ್ಪೆಯಂತೆ ಕುಪ್ಪಳಿಸಿತು. ಆಗ ಕಿತ್ತಳೆಯ ಬಿರಡೆಯೊಂದನ್ನು ತೋರಿಸಿ, "ಅಜ್ಜೀ, ಇದನ್ನು ಹಿಡಿದು ತಿರುಗಿಸಿ, ಮುಖ ನೋಡುತ್ತಿರಿ" ಎಂದೆವು. ಅವರು ಎರಡು ಬೆರಳಿನ ನಡುವೆ ಹಿಡಿದು ನೋಡಿ, "ಇದೇನ ತಮ್ಮಾ, ರೇಡಿಯೋದ ಕಿವಿ ಇದ್ದಂಗ ಅದಲ್ಲ!" ಎಂದರು. ದೆಹಲಿಗೆ ಬಂದ ಹೊಸದರಲ್ಲಿ ರಾತ್ರಿ ಊಟವಾದ ಮೇಲೆ ಧಾರವಾಡದ ಕೇಂದ್ರವನ್ನು ಹಿಡಿಯುತ್ತಿದ್ದವರು ಅವರೇ ಅಂತೆ. ಯಜಮಾನರಿಗೆ ತಾಳ್ಮೆ ಸಾಲದು. "ಕೂದಲೆಳಿಯಷ್ಟು ಆಚೀಗೆ ಹೋದ್ರ ಗೊರಗೊರ. ಹಗೂರಕ ಹೊಳ್ಳಿ ಬರಬೇಕು" ಎನ್ನುತ್ತ ತಿರುಗಿಸತೊಡಗಿದರು.

ನೋಡುವುದಕ್ಕೆ ಅದು ನಿಜವಾಗಿಯೂ ಸ್ಟೇಷನ್ ಹುಡುಕುವ ಕೈಯೇ. ಮೊದಲು ದೂರ ಹೋದರು, ಮುಖ ಹಾಲಿನಂತಾಯಿತು. ಮಗ ಸಣ್ಣಗೆ, "ಇಷ್ಟಿರಲಿ ಅವ್ವಾ, ಛಂದ ಅದ" ಎಂದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಹಿಂದಕ್ಕೆ ಬಂದರು, ಬೇಕಾದುದನ್ನು ದಾಟಿದರು, ಮತ್ತೆ ಮುಂದಕ್ಕೆ ಹೋದರು. ಒಂದೊಂದು ಸಲವೂ ಹೋಗಿ ಬರುವ ದೂರ ಕಿರಿದಾಗುತ್ತ ಬಂತು. ಕೊನೆಗೆ ನಾವಾಗಿದ್ದರೆ ನಿಲ್ಲಿಸುತ್ತಿದ್ದುದಕ್ಕಿಂತ ಎಷ್ಟೋ ಕೆಳಗೆ, ತುಂಬುಗಪ್ಪಿನ ಅಂಚಿನಲ್ಲಿ, ಬಿರಡೆ ನಿಂತಿತು. ದೀಪದ ಬಳೆಯಲ್ಲಿ ಉರಿಯುತ್ತಿದ್ದ ದೀಪ ನಡುವಿಗಿಂತ ಎಡಕ್ಕಿತ್ತು. ಅಜ್ಜಿ ಬೆರಳು ತೆಗೆದು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಸಾಕ್ ತಮ್ಮಾ, ಇನ್ನ ಮುಟ್ಟಬ್ಯಾಡ. ಹಿಂಗ ಇದ್ರು" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ, "ಮಫ್ಲರ್ ನಾ ಹೆಣದದ್ದು" ಎಂದು ಸೇರಿಸಿದರು.

ಈ ತಂತ್ರಾಂಶದಲ್ಲಿ ಮೂಲಚಿತ್ರಕ್ಕೆ ಯಾರೂ ಕೈಹಚ್ಚುವುದಿಲ್ಲ. ತಿರುಗಿಸಿದ್ದೆಲ್ಲ ಪಕ್ಕದಲ್ಲಿ ಬೇರೊಂದು ಕಡತದಲ್ಲಿ ಟಿಪ್ಪಣಿಯಂತೆ ದಾಖಲಾಗುತ್ತದೆ. ಆದ್ದರಿಂದ ಮಗನಿಗೆ ಬೇಕಾದ ಬಿಳಿಯ ಪ್ರತಿಯೊಂದನ್ನು ಮಾಡಿಕೊಡುವುದು ನಮಗೆ ಅರ್ಧ ನಿಮಿಷದ ಕೆಲಸವಾಗಿತ್ತು. ಅವರು ಕೇಳಬಹುದೆಂದು ಎರಡು ದಿನ ಕಾದೆವು. ಕೇಳಲಿಲ್ಲ. ಅಜ್ಜಿ ನಿಲ್ಲಿಸಿದ ಅಂಕದಲ್ಲೇ ಮುದ್ರಣಕ್ಕೆ ಕೊಟ್ಟೆವು. ಮದುವೆಯ ದಿನ ಮಂಟಪದ ಪಕ್ಕದಲ್ಲಿ ಚಿತ್ರಕ್ಕೆ ಗಂಧದ ಹಾರ ಹಾಕಿದ್ದರು. ಬಾಸಿಂಗ ಕಟ್ಟಿಕೊಂಡ ಮೊಮ್ಮಗ ನಮಸ್ಕಾರ ಮಾಡಲು ಬಂದು ಅದರ ಎದುರು ಬಾಗಿ ಎದ್ದ. ತಾತನನ್ನು ಅವನು ಕಂಡವನಲ್ಲ. ಎರಡು ಮುಖಗಳೂ ಒಂದೇ ದೀಪದ ಬೆಳಕಿನಲ್ಲಿದ್ದವು. ಎರಡರ ಬಣ್ಣವೂ ಒಂದೇ. ಮಗ ನಮ್ಮ ಕಡೆ ಒಮ್ಮೆ ನೋಡಿ, ಊಟಕ್ಕೆ ಏಳಿ ಎಂದು ಕೈ ಹಿಡಿದು ಕರೆದುಕೊಂಡು ಹೋದರು.

ಸಂಘದ ಮನೆಗಳಲ್ಲಿ ಇಂಥ ಚಿತ್ರಗಳು ಇನ್ನೂ ಎಷ್ಟೋ ಇವೆ. ತಂದುಕೊಟ್ಟರೆ ಸ್ಕ್ಯಾನ್ ಮಾಡಿಕೊಂಡು ಅಲ್ಲೇ ಹಿಂದಿರುಗಿಸುತ್ತೇವೆ. ಸಾಧ್ಯವಾದರೆ ಆ ಮುಖವನ್ನು ಕಂಡವರನ್ನೂ ಜೊತೆಗೆ ಕರೆತನ್ನಿ; ಬಿರಡೆ ತಿರುಗಿಸಲು ಕಂಪ್ಯೂಟರ್ ಬರಬೇಕೆಂದಿಲ್ಲ. ಅವರಿಗೆ ಬರಲಾಗದಿದ್ದರೆ ಇನ್ನೊಂದು ಉಪಕಾರ ಮಾಡಿ. ಮೆತ್ತನೆಯ ಪೆನ್ಸಿಲಿನಿಂದ ಪ್ರತಿಯೊಂದು ಚಿತ್ರದ ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂದು ಅವರಿಂದ ಕೇಳಿ ಈ ವಾರವೇ ಬರೆದಿಡಿ. ಹೋದ ಬಣ್ಣವನ್ನು ಅಷ್ಟಿಷ್ಟು ಹಿಂದಕ್ಕೆ ತರಬಹುದು. ಹೋದ ಹೆಸರನ್ನು ತರುವ ಬಿರಡೆ ನಮ್ಮ ಪೆಟ್ಟಿಗೆಯ ಎಂಟರಲ್ಲಿ ಒಂದೂ ಇಲ್ಲ.